ಮಗ್ಗದ ಮನೆಗೆ ಬಣ್ಣ ಬಳಿದೆವು

‘ಹಿಂದಿನ ಗೋಡೆ ಕಾಣದ ಹಾಗೆ ಸ್ವಲ್ಪ ಸರಿದು ಕೂರ್ತೀರಾ?’

ನನ್ನ ಮೊದಲ ಆನ್‌ಲೈನ್ ಸಂದರ್ಶನದಲ್ಲಿ ಕೇಳಿದ ಮೊದಲ ಪ್ರಶ್ನೆ ಇದು. ತಿರುಗಿ ನೋಡಿದೆ. ಸುಣ್ಣ ಪದರು ಪದರಾಗಿ ಎದ್ದ ಗೋಡೆ, ಅದರ ಮೇಲೊಂದು ಗೂಟ. ಸರಿಯಲು ಜಾಗವಿರಲಿಲ್ಲ. ಮುಂದಿನ ಪ್ರಶ್ನೆಗಳಿಗೆ ನಾನು ತೊದಲಿದ್ದೇ ಹೆಚ್ಚು. ಆ ಕೆಲಸ ಸಿಗಲಿಲ್ಲ.

ನಮ್ಮದು ಬಾಗಲಕೋಟೆ ಜಿಲ್ಲೆಯ ಗುಡೂರು. ಇಳಕಲ್, ಗುಳೇದಗುಡ್ಡ, ಕಮತಗಿಗಳಂತೆ ನಮ್ಮೂರಲ್ಲೂ ನೇಕಾರರ ಮನೆಯೆಂದರೆ ಒಂದು ಕೋಣೆ ಮಗ್ಗಕ್ಕೇ ಮೀಸಲು. ನಮ್ಮದು ಕುಣಿಮಗ್ಗ. ಅಪ್ಪ ಅಂಚಿಗೆ ಕುಳಿತು, ಕಾಲನ್ನು ಕುಣಿಯೊಳಗೆ ಇಳಿಬಿಟ್ಟು ಇಳಕಲ್ ಸೀರೆ ನೇಯುತ್ತಿದ್ದರು. ಮೊಣಕಾಲು ನೋವು ಹೆಚ್ಚಾದ ಮೇಲೆ ಮಗ್ಗ ನಿಂತಿತು. ಎರಡು ವರ್ಷದ ಹಿಂದೆ ಅದನ್ನು ಬಿಚ್ಚಿ ಸಂಬಂಧಿಕರಿಗೆ ಕೊಟ್ಟರು. ಕುಣಿಯ ಮೇಲೆ ಹಲಗೆ ಬಿತ್ತು. ಬಿ.ಕಾಂ ಮುಗಿಸಿದ ನನ್ನ ಲ್ಯಾಪ್‌ಟಾಪು, ಪರೀಕ್ಷೆಯ ಪುಸ್ತಕಗಳು ಅಲ್ಲಿಗೆ ಬಂದವು.

ಸಂದರ್ಶನದ ಮರುದಿನವೇ ಹಟ ಹಿಡಿದೆ: ಕೋಣೆಗೆ ಬಣ್ಣ ಬಳಿಯಬೇಕು. ಟ್ಯೂಷನ್ ಹೇಳಿ ಕೂಡಿಸಿದ್ದ ಎರಡು ಸಾವಿರ ರೂಪಾಯಿ ಹಿಡಿದು ಇಳಕಲ್‌ಗೆ ಹೋದೆ. ವಿಡಿಯೊಗಳಲ್ಲಿ ನೋಡಿದ್ದ ಗಾಢ ನೀಲಿ, ಮಿರಿಮಿರಿ ಮಿಂಚುವ ಬಣ್ಣವನ್ನೇ ತಂದೆ. ಸುಣ್ಣದ ಮೇಲೆ ನೇರವಾಗಿ ಒಂದು ಗೋಡೆ ಬಳಿದೂ ಬಿಟ್ಟೆ.

ವಾರದಲ್ಲೇ ಬಣ್ಣ ಗುಳ್ಳೆ ಎದ್ದು ಹಪ್ಪಳದಂತೆ ಕಿತ್ತು ಬಂತು. ಟ್ಯೂಬ್‌ಲೈಟಿನ ಬೆಳಕು ಗೋಡೆಗೆ ಬಡಿದು ಕಣ್ಣಿಗೇ ಹೊಡೆಯುತ್ತಿತ್ತು. ಕ್ಯಾಮೆರಾ ಹಾಕಿ ನೋಡಿದರೆ ನನ್ನ ಮುಖ ಜ್ವರ ಬಂದವರ ಹಾಗೆ!

ಅಪ್ಪ ಬೈಯಲಿಲ್ಲ. ಟ್ರಂಕಿನಿಂದ ಉಳಿದ ನೂಲಿನ ನಾಲ್ಕು ಲಡಿ ತೆಗೆದು ಕಿಟಕಿಯ ಬೆಳಕಿಗೆ ಹಿಡಿದರು. ಸಂಜೆ ಅವನ್ನೇ ದೀಪದ ಕೆಳಗೆ ಹಿಡಿದರು. ಹಗಲು ಹಸಿರಾಗಿದ್ದದ್ದು ರಾತ್ರಿ ಕಪ್ಪಿಗೆ ತಿರುಗಿತ್ತು.

‘ಬಣ್ಣ ಡಬ್ಬ್ಯಾಗ ನೋಡೂದಲ್ಲವಾ, ಬೆಳಕಿನ್ಯಾಗ ನೋಡಬೇಕು. ಬಾಜೂಕ ಯಾವ ಬಣ್ಣ ಐತಿ ಅನ್ನೂದೂ ನೋಡಬೇಕು’ ಅಂದರು. ಸೀರೆಯ ಒಡಲಿಗೂ ಸೆರಗಿಗೂ ಬಣ್ಣ ಹೊಂದಿಸುತ್ತಲೇ ಮೂವತ್ತು ವರ್ಷ ಕಳೆದ ಮನುಷ್ಯ. ಅವರನ್ನು ಕೇಳಬೇಕೆಂದು ನನಗೆ ಹೊಳೆದೇ ಇರಲಿಲ್ಲ.

ಎರಡನೇ ಸಲ ಇಬ್ಬರೂ ಸೇರಿ ಮಾಡಿದೆವು. ಸುಣ್ಣ ಪುಡಿಯಾಗಿರುತ್ತದೆ. ಅದರ ಮೇಲೆ ಬಳಿದ ಬಣ್ಣ ಪುಡಿಯನ್ನು ಹಿಡಿಯುತ್ತದೆಯೇ ಹೊರತು ಗೋಡೆಯನ್ನಲ್ಲ. ಹಾಗಾಗಿ ಮೊದಲು ಎಲ್ಲವನ್ನೂ ಕೆರೆದೆವು. ಬಿರುಕಿಗೆ ಪುಟ್ಟಿ ತುಂಬಿ, ಎಮರಿ ಪೇಪರಿನಿಂದ ಉಜ್ಜಿ, ಪ್ರೈಮರ್ ಹಚ್ಚಿದೆವು. ಕಲ್ಲುಮಣ್ಣಿನ ಗೋಡೆ ನೆಲದಿಂದ ತೇವ ಎಳೆಯುತ್ತದೆ, ಎಣ್ಣೆ ಬಣ್ಣ ಬಳಿದರೆ ಆ ತೇವಕ್ಕೆ ಹೊರಹೋಗಲು ದಾರಿಯಿಲ್ಲ. ಅದಕ್ಕೆ ಕೆಳಗಿನ ಎರಡಡಿಗೆ ಅಪ್ಪ ಹೇಳಿದಂತೆ ಸುಣ್ಣವನ್ನೇ ಬಳಿದೆವು. ಮೇಲೆ ಹೊಳಪಿಲ್ಲದ ಎಮಲ್ಷನ್ ಎರಡು ಕೋಟ್. ಮೂರು ಗೋಡೆಗೆ ಕೆನೆಬಣ್ಣ, ನನ್ನ ಬೆನ್ನ ಹಿಂದಿನದಕ್ಕೆ ತಿಳಿಹಸಿರು. ಮೇಜನ್ನು ಕಿಟಕಿ ಪಕ್ಕಕ್ಕೆ ಬರುವಂತೆ ಇಟ್ಟೆವು. ಕಿಟಕಿ ಬೆನ್ನಿಗಿದ್ದರೆ ಪರದೆಯಲ್ಲಿ ಅದರದೇ ಬಿಂಬ, ಎದುರಿಗಿದ್ದರೆ ಕಣ್ಣಿಗೆ ಬೆಳಕು.

ಬಾಗಿಲಿನ ಹಳೆಯ ಎಣ್ಣೆ ಬಣ್ಣವನ್ನು ಮಾತ್ರ ನೀರು ಹಚ್ಚಿ, ಮೂಗಿಗೆ ಬಟ್ಟೆ ಕಟ್ಟಿ ಉಜ್ಜಿದೆವು. ಮನೆಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದು ಎಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕಿಂತ ಹಳೆಯ ಬಣ್ಣದ ಧೂಳನ್ನು ಕುಡಿಯದಿರುವುದೇ ಒಳ್ಳೆಯದು.

ಉಳಿದದ್ದು ಕುಣಿ. ಅದರ ಮಾತೆತ್ತಲು ನನಗೆ ಧೈರ್ಯ ಬಂದಿರಲಿಲ್ಲ. ಒಂದು ಬೆಳಿಗ್ಗೆ ಎದ್ದು ನೋಡಿದರೆ ಅಪ್ಪ ಬುಟ್ಟಿಯಲ್ಲಿ ಗರಸು ತಂದು ಸುರಿಯುತ್ತಿದ್ದರು. ಅವ್ವ ಬಾಗಿಲಲ್ಲಿ ಸುಮ್ಮನೆ ನಿಂತಿದ್ದಳು.

‘ಇರಲಿ ಬಿಡಪ್ಪಾ’ ಅಂದೆ.

‘ಹಲಗಿ ಮ್ಯಾಲ ಕುರ್ಚಿ ನಿಲ್ಲಂಗಿಲ್ಲ. ನೀ ಕುಂತು ಕೆಲಸ ಮಾಡಾಕಿ’ ಅಂದವರು ಮತ್ತೊಂದು ಬುಟ್ಟಿ ತರಲು ಹೋದರು. ಗೋಡೆಯ ಗೂಟವನ್ನು ಮಾತ್ರ ಕೀಳಬೇಡ ಅಂದರು. ಈಗ ಅದಕ್ಕೆ ನನ್ನ ಬ್ಯಾಗು ತೂಗುತ್ತದೆ.

ಮೊನ್ನೆ ಇನ್ನೊಂದು ಸಂದರ್ಶನವಿತ್ತು. ಮಾತಿನ ನಡುವೆ, ‘ಎಲ್ಲಿಂದ ಮಾತಾಡ್ತಿದ್ದೀರಿ?’ ಎಂದು ಕೇಳಿದರು.

‘ಗುಡೂರಿನಿಂದ ಸರ್. ನಮ್ಮ ಮಗ್ಗದ ಮನೆಯಿಂದ’ ಅಂದೆ. ಅವರು ಮಗ್ಗದ ಬಗ್ಗೆ ಕೇಳಿದರು. ನಾನು ಐದು ನಿಮಿಷ ತೊದಲದೆ ಹೇಳಿದೆ.

ಫಲಿತಾಂಶ ಇನ್ನೂ ಬಂದಿಲ್ಲ. ದಿನಾ ಬೆಳಿಗ್ಗೆ ಮೇಲ್ ತೆರೆದು ನೋಡುತ್ತೇನೆ. ‘ಏನರ ಬಂತೇನವಾ?’ ಎಂದು ಅಪ್ಪ ಬಾಗಿಲಿನಿಂದಲೇ ಕೇಳುತ್ತಾರೆ.