ಕೊಟ್ಟಿಗೆಯ ಕಂಬದ ಬುಡ ಗಟ್ಟಿಯಿದೆಯೇ?

ಹೊಸ ಕೊಟ್ಟಿಗೆ ಕಟ್ಟಿಸುವಾಗ ಶೀಟಿನ ದಪ್ಪ ಎಷ್ಟು, ಬಣ್ಣ ಯಾವುದು, ಅಡಿಗೆ ಎಷ್ಟು ರೇಟು ಎಂದು ಎಲ್ಲರೂ ವಿಚಾರಿಸುತ್ತೇವೆ. ಕಬ್ಬಿಣದ ಕಂಬ ನೆಲಕ್ಕೆ ಸೇರುವ ಜಾಗವನ್ನು ಮಾತ್ರ ಬಗ್ಗಿ ನೋಡುವವರು ಕಡಿಮೆ. ಯುಗಾದಿ ಕಳೆದು ಅಶ್ವಿನಿ, ಭರಣಿ ಮಳೆಯ ಜೊತೆ ಬಿರುಗಾಳಿ ಬೀಸಿದಾಗ ಕೊಟ್ಟಿಗೆ ಉಳಿಯುವುದೂ ಹಾರುವುದೂ ಬಹುಪಾಲು ಅಲ್ಲೇ ತೀರ್ಮಾನವಾಗುತ್ತದೆ.

ಹೆಂಚಿನ ಮಾಡು ತನ್ನ ಭಾರದಿಂದಲೇ ಕೂರುತ್ತದೆ. ಶೀಟಿನ ಮಾಡು ಹಗುರ. ಗೋಡೆಯಿಲ್ಲದ ಕೊಟ್ಟಿಗೆಗೆ ಗಾಳಿ ಒಳಗಿನಿಂದಲೂ ನುಗ್ಗಿ ಅದನ್ನು ಮೇಲಕ್ಕೆತ್ತುತ್ತದೆ. ಭಾರತೀಯ ಮಾನಕ ಬ್ಯೂರೋ ಕಟ್ಟಡಗಳ ಲೆಕ್ಕಕ್ಕೆ ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರ್, ಅಂದರೆ ಗಂಟೆಗೆ ಸುಮಾರು 120 ಕಿ.ಮೀ. ಗಾಳಿಯನ್ನು ಇಟ್ಟಿದೆ. ಅಂಥ ಗಾಳಿಯ ಒತ್ತಡ ಚದರ ಅಡಿಗೆ ಸುಮಾರು 6 ಕೆ.ಜಿ. 20 ಅಡಿ ಅಗಲ, 30 ಅಡಿ ಉದ್ದದ, ಎಂಟು ಕಂಬದ ಕೊಟ್ಟಿಗೆಯಲ್ಲಿ ನಡುವಿನ ಒಂದು ಕಂಬದ ಪಾಲಿಗೆ 100 ಚದರ ಅಡಿ ಮಾಡು ಬರುತ್ತದೆ. ಮೇಲಕ್ಕೆಳೆಯುವ ಬಲ 600 ಕೆ.ಜಿ.; ಶೀಟು, ಪೈಪುಗಳ ಸ್ವಂತ ತೂಕ ಕಳೆದರೂ 450ರಿಂದ 500 ಕೆ.ಜಿ. ಉಳಿಯುತ್ತದೆ. ಚೆನ್ನಾಗಿ ಬೆಳೆದ ಎಚ್.ಎಫ್. ಹಸುವೊಂದನ್ನು ನೆಲದಿಂದ ಎತ್ತಿದಷ್ಟು! ಮಂಗಳೂರಿಗೆ ಇಟ್ಟಿರುವ ವೇಗ 39 ಮೀಟರ್. ಅಲ್ಲಿ ಒತ್ತಡ ಇದಕ್ಕಿಂತ ಶೇ. 40ರಷ್ಟು ಹೆಚ್ಚು.

ಇದನ್ನು ತಡೆಯುವುದು ಗುಂಡಿಯ ಕಾಂಕ್ರೀಟಿನ ಭಾರ. ಎರಡು ಅಡಿ ಉದ್ದ, ಅಗಲ, ಆಳದ ಕಾಂಕ್ರೀಟ್ ಸುಮಾರು 540 ಕೆ.ಜಿ. ತೂಗುತ್ತದೆ, ಇದು ಕಷ್ಟದಲ್ಲಿ ಸಾಕಾದೀತು. ಆಳ ಮೂರು ಅಡಿಯಾದರೆ 800 ದಾಟುತ್ತದೆ. ಒಂದು ಅಡಿ ಗುಂಡಿ ತೋಡಿ ಕಂಬ ನೆಟ್ಟು ಹೋಗುವವರಿಗೆ ಒಪ್ಪಬೇಡಿ.

ಕಂಬವನ್ನು ಆ ಕಾಂಕ್ರೀಟಿಗೆ ಬಿಗಿಯುವುದು ಬೇಸ್ ಪ್ಲೇಟ್, ಅಂದರೆ ಕಂಬದ ಬುಡಕ್ಕೆ ಬೆಸುಗೆ ಹಾಕಿದ ಉಕ್ಕಿನ ಚೌಕ. ಪ್ಲೇಟು ತೆಳುವಾಗಿದ್ದರೆ ನಾಲ್ಕು ಮೂಲೆಯಲ್ಲಿ ಬೋಲ್ಟು ಹಿಡಿದಿದ್ದರೂ ಗಾಳಿ ಎಳೆದಾಗ ನಡುಭಾಗ ಕಾವಲಿಯ ಮೇಲಿನ ರೊಟ್ಟಿಯಂತೆ ಉಬ್ಬುತ್ತದೆ. ಸಣ್ಣ ಕೊಟ್ಟಿಗೆಗೂ 10–12 ಮಿ.ಮೀ. ದಪ್ಪ ಕೇಳಿ. ಬೆಸುಗೆ ಅಲ್ಲೊಂದು ಇಲ್ಲೊಂದು ಚುಕ್ಕೆಯಾಗಿರದೆ ಕಂಬದ ಸುತ್ತಲೂ ಇರಲಿ. ಬೋಲ್ಟು ನಾಲ್ಕು, 16 ಮಿ.ಮೀ., ತುದಿ ಕೊಕ್ಕೆಯಂತೆ ಬಾಗಿದ್ದು, ಕಾಂಕ್ರೀಟ್ ಹಾಕುವಾಗಲೇ ಒಂದೂವರೆ ಅಡಿ ಒಳಗಿರಬೇಕು. ಪ್ಲೇಟಿನ ಅಳತೆಗೆ ತೂತು ಮಾಡಿದ ಹಲಗೆಯಲ್ಲಿ ಬೋಲ್ಟುಗಳನ್ನು ನಿಲ್ಲಿಸಿ ಕಾಂಕ್ರೀಟ್ ಹಾಕಿಸಿ. ಇಲ್ಲದಿದ್ದರೆ ಬೋಲ್ಟು ಸರಿದು, ವೆಲ್ಡಿಂಗಿನವರು ಗ್ಯಾಸಿನಲ್ಲಿ ತೂತನ್ನು ಅಗಲ ಮಾಡುತ್ತಾರೆ. ಆಮೇಲೆ ನಟ್ಟಿಗೆ ಹಿಡಿತವೇ ಇರದು. ಪ್ಲೇಟಿನ ಕೆಳಗೆ ಸಂದು ಉಳಿದರೆ ಸಿಮೆಂಟ್ ಗಾರೆ ತುಂಬಿಸಿ.

ಗಾಳಿ ವರ್ಷಕ್ಕೆ ನಾಲ್ಕು ದಿನ. ಗಂಜಲ ದಿನವೂ ಇದೆ. ಸಗಣಿ, ಗಂಜಲ, ತೊಳೆದ ನೀರು ನಿಂತಲ್ಲಿ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ. ಆದ್ದರಿಂದ ಕಾಂಕ್ರೀಟಿನ ಪೀಠವನ್ನು ನೆಲದಿಂದ ಒಂದು ಅಡಿ ಎತ್ತರಿಸಿ, ಪ್ಲೇಟು ಅದರ ಮೇಲೆ ಒಣಗಿರುವಂತೆ ಮಾಡಿಸಿ. ಕೊಟ್ಟಿಗೆ ತೊಳೆಯುವವರು ನಾವು, ನೀರು ಎಲ್ಲಿ ನಿಲ್ಲುತ್ತದೆ ಎಂದು ಗೊತ್ತಿರುವವರೂ ನಾವೇ. ವೆಲ್ಡಿಂಗಿನವರೊಡನೆ ಮಾತಾಡಲು ಮನೆಯ ಗಂಡಸರನ್ನಷ್ಟೇ ಕಳಿಸುವುದು ಏಕೆ? ಬೋಲ್ಟು, ನಟ್ಟು ಸತು ಲೇಪನದ್ದಾಗಿರಲಿ. ಪ್ಲೇಟಿಗೆ ರೆಡ್ ಆಕ್ಸೈಡ್ ಬಳಿದು ಮೇಲೆ ಬಣ್ಣ ಹಚ್ಚಿಸಿ.

ಕರಾವಳಿ, ಬಯಲು ದಿಬ್ಬ, ಬಿರುಕು ಬಿಡುವ ಎರೆ ಮಣ್ಣು, ದೊಡ್ಡ ಕೊಟ್ಟಿಗೆ ಇವುಗಳಿಗೆ ಮೇಲಿನ ಅಳತೆ ಸಾಲದು. ಎಂಜಿನಿಯರರ ಲೆಕ್ಕವೇ ಬೇಕು.

ಈಗಾಗಲೇ ಕಂಬವನ್ನು ನೆಲದಲ್ಲಿ ಹೂತಿದ್ದರೆ, ನೆಲಮಟ್ಟದಲ್ಲಿ ಸ್ಕ್ರೂಡ್ರೈವರಿನಿಂದ ಕೆರೆದು ನೋಡಿ. ಪದರ ಪದರವಾಗಿ ಉದುರಿದರೆ ತಡ ಮಾಡಬೇಡಿ. ರಾಸುಗಳನ್ನು ಹೊರಗೆ ಕಟ್ಟಿ, ಮಾಡಿಗೆ ಊರೆ ಕೊಡಿಸಿ, ಒಂದು ಸಲಕ್ಕೆ ಒಂದೇ ಕಂಬದಂತೆ ಕೊಳೆತ ಭಾಗ ಕತ್ತರಿಸಿ ಹೊಸ ಪೀಠ, ಹೊಸ ಪ್ಲೇಟು ಹಾಕಿಸಬಹುದು. ಇದಕ್ಕೆ ಸಂಕ್ರಾಂತಿಯಿಂದ ಯುಗಾದಿಯವರೆಗಿನ ಒಣ ದಿನಗಳು ಅನುಕೂಲ.