ಬಸಳೆ ದಂಟು ಎಸೆಯಬೇಡಿ

ಮಾರ್ಕೆಟ್‌ನಿಂದ ಬಸಳೆ ಕಟ್ಟು ತಂದಿದ್ದೀರಾ? ಎಲ್ಲವನ್ನೂ ಹೆಚ್ಚಬೇಡಿ. ಬಲಿತ ದಂಟು ಎರಡು ಉಳಿಸಿಕೊಳ್ಳಿ.

ಗೇಣುದ್ದ ಕತ್ತರಿಸಿ, ಕೆಳಗಿನ ಎಲೆ ಕಿತ್ತು, ಎರಡು ಗೆಣ್ಣು ಮಣ್ಣಿನೊಳಗೆ ಹೋಗುವಂತೆ ನೆಡಿ. ಬೇರು ಬರುವುದೇ ಆ ಗೆಣ್ಣಿನಿಂದ. ಕುಂಡದ ತಳದಲ್ಲಿ ತೂತಿರಲಿ, ಮಣ್ಣಿಗೆ ಹಟ್ಟಿಗೊಬ್ಬರ ಬೆರೆಸಿ. ಬಳ್ಳಿ ಹಬ್ಬಲು ಬಾಲ್ಕನಿ ಸರಳಿಗೆ ಹಗ್ಗ ಕಟ್ಟಿದರೂ ಸಾಕು. ಕರಾವಳಿಯ ಮನೆಗಳಲ್ಲಿ ಇದಕ್ಕೆಂದೇ ಚಪ್ಪರ ಹಾಕುತ್ತಾರೆ. ತುದಿ ಚಿವುಟಿದಷ್ಟೂ ಕವಲು ಹೆಚ್ಚು.

ಇನ್ನು ಅಡುಗೆ. ದಂಟು ಮೊದಲು ಬೇಯಲಿ, ಎಲೆ ಆಮೇಲೆ. ಲೋಳೆ ಅಂತ ದೂರ ಇಡಬೇಡಿ, ಹುಣಸೆಹುಳಿ ಬಿದ್ದರೆ ಅದು ಹಿಡಿತಕ್ಕೆ ಬರುತ್ತದೆ. ಹುರಿದ ಬ್ಯಾಡಗಿ ಮೆಣಸಿನಕಾಯಿ, ಕೊತ್ತಂಬರಿ ಬೀಜ, ತೆಂಗಿನತುರಿ ನುಣ್ಣಗೆ ರುಬ್ಬಿ ಹಾಕಿ, ಕುದಿ ಬಂದ ಮೇಲೆ ಧಾರಾಳವಾಗಿ ಬೆಳ್ಳುಳ್ಳಿ ಒಗ್ಗರಣೆ ಕೊಡಿ. ಕುಚ್ಚಲಕ್ಕಿ ಅನ್ನಕ್ಕೆ ಬಿಸಿಬಿಸಿ ಬಡಿಸಿ.