ಚೆನ್ನೈ ಚುಚ್ಚುಮದ್ದಿಗೆ ಹೆದರಿದ ಆ ಏಪ್ರಿಲ್

2021ರ ಏಪ್ರಿಲ್ 15. ತಮಿಳಿನ ಹಾಸ್ಯನಟ ವಿವೇಕ್ ಚೆನ್ನೈನ ಓಮಂದೂರಾರ್ ಸರ್ಕಾರಿ ಆಸ್ಪತ್ರೆಯಲ್ಲಿ ಕೋವಿಡ್ ಲಸಿಕೆ ಕೋವ್ಯಾಕ್ಸಿನ್ ಹಾಕಿಸಿಕೊಂಡರು. ಖಾಸಗಿ ಆಸ್ಪತ್ರೆಗೆ ಹೋಗಬಹುದಿತ್ತು. ಜನರಿಗೆ ಧೈರ್ಯ ಬರಲೆಂದು ಬೇಕೆಂದೇ ಸರ್ಕಾರಿ ಆಸ್ಪತ್ರೆಗೆ ಬಂದಿದ್ದರು, ಕ್ಯಾಮೆರಾಗಳ ಮುಂದೆ ಮಾತನಾಡಿದ್ದರು. ಮರುದಿನ ಮನೆಯಲ್ಲಿ ಕುಸಿದರು. 17ರ ನಸುಕಿನಲ್ಲಿ ತೀರಿಕೊಂಡರು. ವಯಸ್ಸು 59.

ಹೃದಯದ ಮುಖ್ಯ ರಕ್ತನಾಳವೊಂದು ಪೂರ್ತಿ ಕಟ್ಟಿಕೊಂಡಿತ್ತು ಎಂದರು ವೈದ್ಯರು. ನಾಳದ ಗೋಡೆಯಲ್ಲಿ ಕೊಬ್ಬು ಕೂಡಿಕೊಳ್ಳಲು ವರ್ಷಗಳೇ ಬೇಕು. ಕೊನೆಯ ಹೆಪ್ಪು ಮಾತ್ರ ಗಳಿಗೆಯಲ್ಲಿ ಕಟ್ಟಬಹುದು. ಲಸಿಕೆಗೂ ಸಾವಿಗೂ ಸಂಬಂಧವಿಲ್ಲ ಎಂದು ತಮಿಳುನಾಡಿನ ಅಂದಿನ ಆರೋಗ್ಯ ಕಾರ್ಯದರ್ಶಿ ಜೆ. ರಾಧಾಕೃಷ್ಣನ್ ಕೂಡಲೇ ಹೇಳಿದರು. ಆದರೆ ಮನೆಮನೆಯ ಮಾತು ಆಗಲೇ ಬೇರೆ ದಾರಿ ಹಿಡಿದಿತ್ತು: ನಿನ್ನೆ ಚುಚ್ಚಿಸಿಕೊಂಡರು, ಇವತ್ತು ಹೋದರು.

ಹೀಗೆ ಯೋಚಿಸಿದವರನ್ನು ಮೂಢರು ಎಂದು ತಳ್ಳಿಹಾಕುವುದು ಸುಲಭ, ನನಗದು ಒಪ್ಪಿಗೆಯಿಲ್ಲ. ಒಂದರ ಹಿಂದೆ ಇನ್ನೊಂದು ನಡೆದರೆ ಮೊದಲನೆಯದೇ ಕಾರಣ ಎಂದು ಹಿಡಿಯುವುದು ಮನಸ್ಸಿನ ಹಳೆಯ ಚಾಳಿ. ಎಷ್ಟೋ ಸಲ ಆ ಚಾಳಿಯೇ ನಮ್ಮನ್ನು ಉಳಿಸಿದೆ. ಆದರೆ ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋದಾಗ ಅದು ಮೋಸಹೋಗುತ್ತದೆ. ಸ್ವಲ್ಪ ಲೆಕ್ಕ ಹಾಕೋಣ. 2020ರಲ್ಲಿ ಭಾರತದ ಮರಣ ಪ್ರಮಾಣ ಸಾವಿರಕ್ಕೆ 6. ಅಂದರೆ ಯಾವುದೇ ಹತ್ತು ಲಕ್ಷ ಜನರಲ್ಲಿ ವರ್ಷಕ್ಕೆ 6,000, ದಿನಕ್ಕೆ ಸುಮಾರು 16 ಸಾವು. ಲಸಿಕೆಯೇ ಇಲ್ಲದಿದ್ದರೂ ಇಷ್ಟು ನಡೆಯುತ್ತದೆ. ಆ ಏಪ್ರಿಲ್‌ನಲ್ಲಿ ಸರದಿಯಲ್ಲಿ ನಿಂತವರು ಹೆಚ್ಚಾಗಿ 45 ದಾಟಿದವರು; ಅವರಲ್ಲಿ ಇದು ಇನ್ನೂ ಜಾಸ್ತಿ. ಲಕ್ಷಾಂತರ ಮಂದಿಗೆ ಚುಚ್ಚಿದಾಗ ಮರುದಿನವೇ ಕೆಲವರು ಸಾಯುವುದು ಖಚಿತ. ಆ ಕೆಲವರಲ್ಲಿ ಊರಿಗೆಲ್ಲ ಗೊತ್ತಿರುವ ಮುಖವೊಂದಿದ್ದರೆ ಉಳಿದ ಲಕ್ಷಗಳು ಯಾರ ಕಣ್ಣಿಗೂ ಬೀಳುವುದಿಲ್ಲ.

ಇನ್ನೊಂದು ಗಂಟೂ ಇದೆ. 1990ರಲ್ಲಿ ಮನೋವಿಜ್ಞಾನಿಗಳಾದ ಇಲಾನಾ ರಿಟೊವ್ ಮತ್ತು ಜೊನಾಥನ್ ಬ್ಯಾರನ್ ಜನರ ಮುಂದೊಂದು ಕಾಲ್ಪನಿಕ ಪ್ರಶ್ನೆ ಇಟ್ಟರು: ರೋಗ ಹತ್ತು ಸಾವಿರ ಮಕ್ಕಳಲ್ಲಿ ಹತ್ತು ಮಂದಿಯನ್ನು ಕೊಲ್ಲುತ್ತದೆ, ಲಸಿಕೆಯಿಂದ ಅದಕ್ಕಿಂತ ಕಡಿಮೆ ಮಕ್ಕಳು ಸತ್ತರೆ ನಿಮ್ಮ ಮಗುವಿಗೆ ಹಾಕಿಸುತ್ತೀರಾ? ಹಲವರು ಬೇಡ ಎಂದರು. ರೋಗದಿಂದ ಸತ್ತರೆ ವಿಧಿ. ಕೈಯಾರೆ ಹಾಕಿಸಿದ್ದರಿಂದ ಸತ್ತರೆ ಪಾಪ. 2017ರ ಫೆಬ್ರವರಿಯಲ್ಲಿ ದಡಾರ-ರುಬೆಲ್ಲಾ ಲಸಿಕೆ ಅಭಿಯಾನ ಶುರುವಾದಾಗ ವಾಟ್ಸ್‌ಆ್ಯಪ್ ವದಂತಿ ಓದಿ ಮಕ್ಕಳನ್ನು ಶಾಲೆಯಲ್ಲಿ ಚುಚ್ಚಿಸಲು ಹಿಂಜರಿದ ಚೆನ್ನೈನ ತಾಯ್ತಂದೆಯರ ಸಂಕಟವೂ ಇದೇ. ತಮಿಳುನಾಡು ಸರ್ಕಾರ ಅಭಿಯಾನದ ಅವಧಿಯನ್ನೇ ವಿಸ್ತರಿಸಬೇಕಾಯಿತು.

ಹಿಂಜರಿಕೆಯೆಲ್ಲ ಭಯವೇ ಎಂದೂ ಅಲ್ಲ. ರೋಗ ಕಣ್ಣಮುಂದಿಲ್ಲ ಎಂಬ ಉದಾಸೀನ ಇರುತ್ತದೆ. ಜ್ವರ ಬಂದರೆ ನಾಳಿನ ದುಡಿಮೆ ಹೋಯಿತಲ್ಲ ಎಂಬ ಆಟೋ ಚಾಲಕನ ಲೆಕ್ಕವೂ ಇರುತ್ತದೆ. ಅವನಿಗೆ ಬೇಕಿರುವುದು ಉಪದೇಶವಲ್ಲ, ಭಾನುವಾರವೂ ತೆರೆದಿರುವ ಕೇಂದ್ರ.

ಪ್ರಸಿದ್ಧರ ಮುಖ ತೋರಿಸಿ ನಂಬಿಕೆ ಹುಟ್ಟಿಸುವುದು ಹೊಸದೇನಲ್ಲ. 1805ರ ಸುಮಾರಿಗೆ ಥಾಮಸ್ ಹಿಕಿ ಬರೆದದ್ದೆನ್ನಲಾದ ಮೈಸೂರು ರಾಣಿಯರ ಚಿತ್ರ ಸಿಡುಬಿನ ಲಸಿಕೆಯ ಪ್ರಚಾರಕ್ಕೆಂದೇ ಆಗಿತ್ತು ಎಂಬುದು ಇತಿಹಾಸಕಾರ ನೈಜೆಲ್ ಚಾನ್ಸೆಲರ್ ಅವರ ವಾದ. ಈ ದಾರಿ ಫಲ ಕೊಡುತ್ತದೆ, ಆದರೆ ಅಪಾಯವೂ ಅದರಲ್ಲೇ ಇದೆ. ನಂಬಿಕೆಯನ್ನು ಒಬ್ಬರ ಮೇಲೆ ಹೊರಿಸಿದರೆ ಅವರಿಗೆ ಆಗುವುದೆಲ್ಲ ಲಸಿಕೆಗೆ ಸಾಕ್ಷಿಯಾಗಿಬಿಡುತ್ತದೆ. ನಂಬಿಕೆ ಹಂಚಿಹೋಗಿರಬೇಕು: ವರ್ಷಗಟ್ಟಲೆ ಮಕ್ಕಳಿಗೆ ಪೋಲಿಯೊ ಹನಿ ಹಾಕಿದ ನರ್ಸಮ್ಮನಲ್ಲಿ, ಪಕ್ಕದ ಮನೆಯವರಲ್ಲಿ, ಬೀದಿಯ ಡಾಕ್ಟರಲ್ಲಿ.

ಲಸಿಕೆ ಪಡೆದ ಮೇಲಿನ ಸಾವುನೋವುಗಳನ್ನು ಪರಿಶೀಲಿಸುವ ರಾಷ್ಟ್ರೀಯ ಸಮಿತಿ ವಿವೇಕ್ ಸಾವು ಕಾಕತಾಳೀಯ ಎಂದು ತೀರ್ಮಾನಿಸಿತು. ಅದು ಸುದ್ದಿಯಾದದ್ದು 2021ರ ಅಕ್ಟೋಬರ್‌ನಲ್ಲಿ, ಆರು ತಿಂಗಳ ನಂತರ. ನಿಮ್ಮ ಮನೆಯಲ್ಲಿ ಯಾರಾದರೂ ಹಿಂಜರಿದರೆ ಸಮಿತಿಗಾಗಿ ಕಾಯಬೇಡಿ. ಯಾರಿಗೆ ಏನಾಯಿತೆಂದು ಕೇಳಿದ್ದೀರಿ ಎಂದು ಮೊದಲು ವಿಚಾರಿಸಿ, ಪೂರ್ತಿ ಕೇಳಿಸಿಕೊಳ್ಳಿ. ಅಂಕಿಅಂಶ ಆಮೇಲೆ ತೆಗೆಯಿರಿ.